ಮರಕುಟಿಗ ಕೊರೆದ ಪೊಟರೆಗೆ ಗೊರವಂಕ ನುಗ್ಗಿದರೆ?

ಪ್ರಶ್ನೆ: ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಹಿತ್ತಿಲಿನ ಒಂದು ತೆಂಗಿನ ಮರಕ್ಕೆ ಎರಡು ವರ್ಷದ ಹಿಂದೆ ಸಿಡಿಲು ಬಡಿಯಿತು. ತಲೆ ಉದುರಿ ಈಗ ಬೋಳು ಕಂಬ ಮಾತ್ರ ನಿಂತಿದೆ. ಫೆಬ್ರುವರಿಯಲ್ಲಿ ಒಂದು ಜೋಡಿ ಮರಕುಟಿಗ ಬಂದು ಅದರಲ್ಲಿ ತೂತು ಕೊರೆದವು. ಹೊಂಬಣ್ಣದ ಬೆನ್ನು, ಕೆಂಪು ಜುಟ್ಟು. ಅಡುಗೆಮನೆ ಕಿಟಕಿಯಿಂದ ದಿನಾ ನೋಡುತ್ತಿದ್ದೆವು. ಈಗ ಹತ್ತು ದಿನದಿಂದ ಗೊರವಂಕಗಳು ಅದರೊಳಗೆ ಹುಲ್ಲು ತುಂಬುತ್ತಿವೆ. ಮರಕುಟಿಗ ಹತ್ತಿರ ಬಂದರೆ ಎರಡೂ ಸೇರಿ ಅಟ್ಟುತ್ತವೆ. ಗೊರವಂಕಗಳನ್ನು ಓಡಿಸಿ ಹುಲ್ಲು ತೆಗೆದು ಹಾಕಬಹುದಾ? ಪಕ್ಕದ ತೋಟದವರು ಬೇರೆ, ಮರಕುಟಿಗ ತೆಂಗಿಗೆ ಶತ್ರು, ಕಂಬ ಕಡಿದುಬಿಡಿ ಅನ್ನುತ್ತಾರೆ. ನಿಜವಾ?

ಉತ್ತರ: ಓಡಿಸಬೇಡಿ. ಹುಲ್ಲನ್ನೂ ಮುಟ್ಟಬೇಡಿ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ದಿನಗಟ್ಟಲೆ ಕೊರೆದವರು ಒಬ್ಬರು, ಒಳಗೆ ಸಂಸಾರ ಹೂಡಿದವರು ಇನ್ನೊಬ್ಬರು. ನೋಡುವವರ ಹೊಟ್ಟೆ ಉರಿಯುವುದು ಸಹಜ. ಆದರೆ ಗೊರವಂಕಕ್ಕೆ ತಾನೇ ಪೊಟರೆ ಕೊರೆಯಲು ಬರುವುದಿಲ್ಲ. ಮರಕುಟಿಗಕ್ಕೆ ದಾರಿ ಇದೆ. ಅದರ ಕೊಕ್ಕೇ ಅದರ ಉಳಿ. ಇನ್ನೊಂದು ಕಡೆ ಕೊರೆದುಕೊಳ್ಳುತ್ತದೆ.

ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳಲ್ಲಿ ಎರಡು ಗುಂಪು. ತಾವೇ ಕೊರೆಯುವವು ಕೆಲವೇ. ಮರಕುಟಿಗ ಮತ್ತು ಕುಟ್ರು ಹಕ್ಕಿ. ಇನ್ನುಳಿದ ಗಿಳಿ, ಗೊರವಂಕ, ಹಾಲಕ್ಕಿ ಅನ್ನುವ ಚಿಕ್ಕ ಗೂಬೆ, ಮಡಿವಾಳ ಹಕ್ಕಿ, ಇವಕ್ಕೆಲ್ಲ ಮೊದಲೇ ಇದ್ದ ಪೊಟರೆಯೋ ಸಂದೋ ಬೇಕು. ಗಿಳಿ ಪೊಟರೆಯ ಬಾಯಿ ಕಡಿದು ಅಗಲ ಮಾಡಬಲ್ಲದು, ಹೊಸದಾಗಿ ಮನೆ ತೆಗೆಯುವುದು ಅಪರೂಪ. ಅಳಿಲೂ ಈ ಸಾಲಿನಲ್ಲಿ ನಿಂತಿರುತ್ತದೆ. ಹಾಗಾಗಿ ನಿಮ್ಮ ಕಂಬದ ಆ ಒಂದು ತೂತಿನ ಮೇಲೆ ಐದಾರು ಸಂಸಾರಗಳ ಕಣ್ಣಿತ್ತು ಅಂದುಕೊಳ್ಳಿ. ಮರಕುಟಿಗಗಳು ಸಾಮಾನ್ಯವಾಗಿ ಮರಿ ಮಾಡಲು ಪ್ರತಿ ವರ್ಷ ಹೊಸ ಪೊಟರೆ ತೆಗೆಯುತ್ತವೆ. ಹಳೆಯದು ಬೇರೆಯವರಿಗೆ. ಈ ಸಲ ಗೊರವಂಕಗಳು ಹಳೆಯದಾಗುವ ತನಕ ಕಾಯಲಿಲ್ಲ, ಅಷ್ಟೇ.

ಅಷ್ಟು ಗಟ್ಟಿ ಕೊಕ್ಕಿನ ಹಕ್ಕಿ ಸೋತಿದ್ದು ಹೇಗೆ ಅನ್ನಿಸುತ್ತದೆ ಅಲ್ವಾ? ಜೋಡಿ ಮೇಯಲು ಹೋದಾಗ ಪೊಟರೆಗೆ ಕಾವಲಿಲ್ಲ. ಗೊರವಂಕ ಅದೇ ಸಮಯ ನೋಡಿ ಹುಲ್ಲು, ಗರಿ, ಬಟ್ಟೆ ಚೂರು, ಪ್ಲಾಸ್ಟಿಕ್ ಎಲ್ಲ ತಂದು ತುರುಕುತ್ತದೆ. ಒಳಗೆ ಮೊಟ್ಟೆ ಇದ್ದರೆ ಎತ್ತಿ ಹೊರಗೆ ಹಾಕುವುದೂ ಉಂಟು. ಕಂಬದ ಬುಡದಲ್ಲಿ ಒಮ್ಮೆ ಹುಡುಕಿ. ಅಚ್ಚ ಬಿಳಿ, ಹೊಳಪಿನ ಚಿಪ್ಪಿನ ಚೂರು ಸಿಕ್ಕರೆ ಅದು ಮರಕುಟಿಗದ ಮೊಟ್ಟೆ. ತಿಳಿ ನೀಲಿ ಆದರೆ ಗೊರವಂಕದ್ದು. ಬಿಳಿ ಚಿಪ್ಪು ಸಿಕ್ಕರೆ ಬೇಜಾರಾಗಬೇಡಿ. ಹೊಂಬೆನ್ನಿನ ಮರಕುಟಿಗ ಗೂಡು ಮಾಡುವ ಕಾಲ ಫೆಬ್ರುವರಿಯಿಂದ ಜುಲೈವರೆಗೂ ಇದೆ. ಇನ್ನೊಮ್ಮೆ ಇಡಲು ಸಮಯ ಉಂಟು.

ಗೊರವಂಕದ ಮೇಲೆ ಸಿಟ್ಟು ಮಾಡಿಕೊಳ್ಳುವವರಿಗೆ ಒಂದು ಮಾತು. ಇದು ನಮ್ಮದೇ ನೆಲದ ಹಕ್ಕಿ. ಇಲ್ಲಿ ಈ ಜಗಳ ಎಷ್ಟೋ ಕಾಲದಿಂದ ನಡೆದು ಬಂದಿದೆ, ಎರಡೂ ಉಳಿದಿವೆ. ಆಸ್ಟ್ರೇಲಿಯಾದ ಕಥೆ ಬೇರೆ. 1860ರ ದಶಕದಲ್ಲಿ ಮೆಲ್ಬರ್ನ್‌ಗೆ ಗೊರವಂಕಗಳನ್ನು ಒಯ್ದು ಬಿಟ್ಟರು. ಆ ದೇಶದಲ್ಲಿ ಮರಕುಟಿಗವೇ ಇಲ್ಲ. ಗೆದ್ದಲು, ಬೆಂಕಿ, ಕೊಳೆತದಿಂದ ಪೊಟರೆ ಆಗಲು ಮರ ಮುದಿಯಾಗಬೇಕು. ಅಂಥ ಪೊಟರೆಗಳನ್ನು ಗೊರವಂಕ ಹಿಡಿದರೆ ಅಲ್ಲಿನ ಗಿಳಿಗಳಿಗೆ ತೊಂದರೆ ಜಾಸ್ತಿ. ಅಲ್ಲಿರುವ ಕನ್ನಡಿಗರು ಇದನ್ನು ಓದಿದರೆ, ನನ್ನ ಸಲಹೆ ನಿಮ್ಮ ಹಿತ್ತಿಲಿಗಲ್ಲ.

ಈಗ ಪಕ್ಕದ ತೋಟದವರ ಮಾತು. ಅವರ ಭಯವನ್ನು ನಾನು ತಳ್ಳಿ ಹಾಕುವುದಿಲ್ಲ. ತೆಂಗಿಗೆ ಇರುವುದು ಒಂದೇ ಸುಳಿ. ಕಾಂಡಕ್ಕೆ ಆದ ಗಾಯ ಬೇರೆ ಮರದ ಹಾಗೆ ಮುಚ್ಚಿಕೊಳ್ಳುವುದೂ ಇಲ್ಲ. ಜೀವಂತ ಮರದಲ್ಲಿ ದೊಡ್ಡ ತೂತಾದರೆ ಗಾಳಿಗೆ ಅಲ್ಲೇ ಮುರಿಯಬಹುದು. ಆದರೆ ಮರಕುಟಿಗ ಗೂಡಿಗೆ ಹೆಚ್ಚಾಗಿ ಹುಡುಕುವುದು ಸತ್ತ, ಮೆತ್ತಗಾದ ಮರವನ್ನು. ನಿಮ್ಮ ಮರವನ್ನು ಕೊಂದಿದ್ದು ಸಿಡಿಲು. ಹಸಿರಾಗಿರುವ ಮರದ ಒಂದೇ ಜಾಗವನ್ನು ಮರಕುಟಿಗ ಮತ್ತೆ ಮತ್ತೆ ಕುಟ್ಟುತ್ತಿದ್ದರೆ ಹಕ್ಕಿಯನ್ನು ಬೈಯುವ ಮೊದಲು ಕಾಂಡಕ್ಕೆ ಕಿವಿ ಇಟ್ಟು ಕೇಳಿ. ಒಳಗೆ ಕರಕರ ಸದ್ದು, ಹೊರಗೆ ಕಂದು ರಸ, ಅಗಿದ ನಾರು ಕಂಡರೆ ಕೆಂಪು ಮೂತಿ ಹುಳು ಸೇರಿದೆ. ಹಕ್ಕಿ ಬಂದಿದ್ದು ಆ ಹುಳಕ್ಕೆ. ನಿಮಗೆ ಅದು ಸುದ್ದಿ ಕೊಟ್ಟ ಹಾಗೆ.

ಕಂಬ ಉಳಿಸುವುದರಲ್ಲೂ ಒಂದು ಎಚ್ಚರ ಬೇಕು. ಸತ್ತಿದ್ದು ಅಣಬೆ ರೋಗದಿಂದ ಆಗಿದ್ದರೆ ನಾನು ಉಳಿಸಿ ಅನ್ನುತ್ತಿರಲಿಲ್ಲ. ಬುಡ ಕೊಳೆಸುವ ಆ ರೋಗ ಪಕ್ಕದ ಮರಕ್ಕೆ ಹಬ್ಬುತ್ತದೆ. ಸುಳಿ ಕೊರೆಯುವ ದುಂಬಿ ಕೊಳೆತ ತೆಂಗಿನ ಕಾಂಡದಲ್ಲೂ ಮೊಟ್ಟೆ ಇಡುತ್ತದೆ. ಹಾಗಾಗಿ ಬುಡ ಕೊಳೆತು ಪುಡಿಯಾಗಿದೆಯಾ, ಒಳಗೆ ದಪ್ಪ ಬಿಳಿ ಹುಳು ಇವೆಯಾ ನೋಡಿ. ಇದ್ದರೆ ತೆಗೆಯಬೇಕಾಗುತ್ತದೆ, ಆದರೆ ಮರಿಗಳು ಹಾರಿದ ಮೇಲೆ. ಗೂಡಿದ್ದಾಗ ಕಡಿಯುವುದು ತಪ್ಪು. ಮೊಟ್ಟೆ, ಮರಿ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರವೂ ತಪ್ಪು. ಕಂಬ ಗಟ್ಟಿಯಾಗಿದ್ದು, ಮನೆ ಕಡೆ ವಾಲಿಲ್ಲವಾದರೆ ದಯವಿಟ್ಟು ನಿಲ್ಲಿಸಿ. ಒಣಗಿದ್ದನ್ನೆಲ್ಲ ಸೌದೆಗೆ ಅಂತ ಕಡಿದು ಚೊಕ್ಕ ಮಾಡಿದ ತೋಟದಲ್ಲಿ ಮರಕುಟಿಗ ಎರಡನೇ ಮನೆಯನ್ನು ಎಲ್ಲಿ ಕೊರೆಯಬೇಕು? ನನಗೆ ಗೊರವಂಕಕ್ಕಿಂತ ಇದೇ ಹೆಚ್ಚು ಚಿಂತೆ. ಹಾಲುವಾಣ, ನುಗ್ಗೆಯಂಥ ಮೆದು ಮರದ ಒಣ ಕೊಂಬೆ ಒಂದೆರಡು ಉಳಿಸಿದರೂ ಸಾಕು, ಕುಟ್ರು ಹಕ್ಕಿಯಾದರೂ ಬರುತ್ತದೆ.

ಮರದ ಪೆಟ್ಟಿಗೆ ಕಟ್ಟಲಾ ಅಂತ ಹಲವರು ಕೇಳುತ್ತಾರೆ. ಮಡಿವಾಳ ಹಕ್ಕಿಗೆ ಆಗುತ್ತದೆ. ಮರಕುಟಿಗಕ್ಕೆ ಕೊರೆಯಲು ಮರ ಬೇಕು.

ನಿಮ್ಮ ಜೋಡಿ ಎಲ್ಲಿ ಹೋಯಿತು ಅಂತ ತಿಳಿಯಬೇಕಾದರೆ ಬೆಳಿಗ್ಗೆ ತೋಟದಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ನೆಲ ನೋಡಿಕೊಂಡು ನಡೆಯಿರಿ. ಒಣ ಮರದ ಬುಡದಲ್ಲಿ ಹೊಸ ಮರದ ಚಕ್ಕೆ ಬಿದ್ದಿದ್ದರೆ ಮೇಲೆ ಕೆಲಸ ನಡೆದಿದೆ ಅಂತ ಅರ್ಥ. ಮರಕುಟಿಗ ಹುಲ್ಲು ಹಾಸುವುದಿಲ್ಲ. ಒಳಗೆ ಉಳಿದ ಚಕ್ಕೆ ಪುಡಿಯ ಮೇಲೇ ಮೊಟ್ಟೆ. ಕಾವು ಸುಮಾರು 11 ದಿನ, ಆಮೇಲೆ ಮರಿ ಹಾರಲು ಸುಮಾರು 20 ದಿನ. ನೆತ್ತಿ ಪೂರ್ತಿ ಕೆಂಪಾಗಿದ್ದರೆ ಗಂಡು. ಹಣೆ ಕಡೆ ಕಪ್ಪು, ಅದರಲ್ಲಿ ಬಿಳಿ ಚುಕ್ಕಿ ಇದ್ದು ಹಿಂದೆ ಮಾತ್ರ ಕೆಂಪಿದ್ದರೆ ಹೆಣ್ಣು. ಮರಕುಟಿಗಗಳಲ್ಲಿ ಸಾಮಾನ್ಯವಾಗಿ ರಾತ್ರಿ ಕಾವಿಗೆ ಕೂರುವುದು ಗಂಡೇ. ಸಂಜೆ ಕತ್ತಲಾಗುವ ಹೊತ್ತಿಗೆ ಯಾರು ಒಳಗೆ ಹೋದರು ಅಂತ ಗಮನಿಸಿ, ಬಹಳ ಚೆನ್ನಾಗಿರುತ್ತದೆ. ದೂರದಿಂದಲೇ ನೋಡಿ. ಟಾರ್ಚ್ ಹಾಕಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ.

ಗೊರವಂಕದ ಮರಿಗಳು ಹೋದ ಮೇಲೂ ಆ ಹುಲ್ಲು ಅಲ್ಲೇ ಇರಲಿ. ಚಳಿಗಾಲ ಮುಗಿಯುವ ಹೊತ್ತಿಗೆ ಗಿಳಿಗಳು ಪೊಟರೆ ಹುಡುಕುತ್ತಾ ಬರುತ್ತವೆ. ಅಥವಾ ಒಂದು ಸಂಜೆ ಅದೇ ತೂತಿನಿಂದ ಹಾಲಕ್ಕಿಯ ದುಂಡು ಮುಖ ನಿಮ್ಮ ಅಡುಗೆಮನೆ ಕಿಟಕಿಯನ್ನು ನೋಡುತ್ತಿರಬಹುದು. ಅದನ್ನು ಅಪಶಕುನ ಅಂತ ಓಡಿಸಬೇಡಿ. ರಾತ್ರಿ ನಿಮ್ಮ ಹಿತ್ತಿಲಿನ ಇಲಿ, ದುಂಬಿ ಹಿಡಿಯುವುದು ಅದೇ.