ಬುಕ್‌ಮಾರ್ಕ್ ತುಂಬಿತ್ತು, ಫೈಲ್ ಖಾಲಿ ಇತ್ತು

ಇವರನ್ನು ಕಿರಣ್ ಎನ್ನೋಣ. ಹೆಸರು, ಕೆಲಸ, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ವಯಸ್ಸು ಮೂವತ್ತರ ಆಸುಪಾಸು. ಹಗಲು ಲೆಕ್ಕಪತ್ರದ ಕೆಲಸ, ರಾತ್ರಿ ವೆಬ್ ಡಿಸೈನ್ ಕಲಿಕೆ. ಸಲಹೆ ಕೇಳಲು ನನ್ನ ಬಳಿ ಬಂದಿದ್ದರು.

"ಮೇಡಂ, ನನಗೆ ಏಕಾಗ್ರತೆಯೇ ಇಲ್ಲ. ವರ್ಷದಿಂದ ಕಲೀತಾ ಇದ್ದೀನಿ, ಏನೂ ತಲೆಗೆ ಹತ್ತಿಲ್ಲ. ಸಾಲ ಮಾಡಿ ಒಂದು ಕೋರ್ಸಿಗೆ ಸೇರಿಬಿಡ್ಲಾ?" ಎಂದರು. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಜೊತೆಗೇ ಕಲಿಯಲು ಶುರು ಮಾಡಿದ ಗೆಳೆಯನಿಗೆ ಆಗಲೇ ಕೆಲಸ ಸಿಕ್ಕಿತ್ತು. ಅದು ಒಳಗೊಳಗೇ ಚುಚ್ಚುತ್ತಿತ್ತು.

ಏಕಾಗ್ರತೆ ಇಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಇಡೀ ದಿನ ಅಂಕಿ ತಾಳೆ ನೋಡುವ ಮನುಷ್ಯ ಇವರು. ಮುಂದಿನ ಸಲ ಲ್ಯಾಪ್‌ಟಾಪ್ ತನ್ನಿ ಎಂದೆ.

ತಂದರು. ಬ್ರೌಸರ್ ತೆರೆದರೆ ಬುಕ್‌ಮಾರ್ಕ್ ಪಟ್ಟಿ ಮುಗಿಯುತ್ತಲೇ ಇಲ್ಲ. ರಿಯಾಕ್ಟ್, ವ್ಯೂ, ಟೈಲ್‌ವಿಂಡ್ ಅನ್ನುವ ವೆಬ್ ಸಾಧನಗಳ ಪಾಠಗಳು, 'ಈ ವರ್ಷ ಏನು ಕಲಿಯಬೇಕು' ಅನ್ನುವ ವಿಡಿಯೊಗಳು. ಪುಟದ ಬಾಕ್ಸ್‌ಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಅಂದರೇನು ಎಂದು ಕೇಳಿದೆ. ಚೆನ್ನಾಗಿಯೇ ವಿವರಿಸಿದರು. "ಸರಿ, ಹೊಸ ಫೈಲ್ ತೆಗೆದು ಎರಡು ಬಾಕ್ಸ್ ಪಕ್ಕಪಕ್ಕ ನಿಲ್ಲಿಸಿ" ಎಂದೆ. ಬರೆದರು. ಬಾಕ್ಸ್‌ಗಳು ಒಂದರ ಕೆಳಗೊಂದು ನಿಂತವು. ಕೈ ತಕ್ಷಣ ಯೂಟ್ಯೂಬ್ ಕಡೆ ಹೋಯಿತು.

ಅಲ್ಲೇ ತಡೆದೆ. ಬಾಕ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಒತ್ತಲು, ಆಮೇಲೆ ಎರಡೂ ಬಾಕ್ಸ್‌ಗಳನ್ನು ಒಳಗೊಂಡ ಹೊರಗಿನ ಬಾಕ್ಸ್ ಆರಿಸಲು ಹೇಳಿದೆ. ಬಲಗಡೆ ಅವರು ಬರೆದ ಸಿಎಸ್‌ಎಸ್, ಅಂದರೆ ಪುಟದ ರೂಪ ಹೇಳುವ ಕೋಡ್, ಕಂಡಿತು. ಒಂದು ಸಾಲಿನ ಮೇಲೆ ಗೆರೆ ಎಳೆದಿತ್ತು, ಪಕ್ಕದಲ್ಲಿ ಹಳದಿ ತ್ರಿಕೋನ. 'ಡಿಸ್‌ಪ್ಲೇ' ಅನ್ನುವ ಪದದ ಸ್ಪೆಲಿಂಗ್‌ನಲ್ಲಿ ಎರಡು ಅಕ್ಷರ ಅದಲುಬದಲಾಗಿದ್ದವು. "ತಪ್ಪು ಎಲ್ಲಿದೆ ಅಂತ ಇದೇ ತೋರಿಸುತ್ತಾ?" ಎಂದು ಕೇಳಿದರು. ಅಷ್ಟು ವಿಡಿಯೊ ನೋಡಿದವರಿಗೆ ಇದನ್ನು ಯಾರೂ ತೋರಿಸಿರಲಿಲ್ಲ. ಪಾಠ ಮಾಡುವವರು ತಪ್ಪು ಮಾಡಿದ ಭಾಗವನ್ನು ಕತ್ತರಿಸಿ ವಿಡಿಯೊ ಹಾಕುತ್ತಾರೆ, ಅಲ್ವಾ? ನೋಡುವವರಿಗೆ ತಾವೊಬ್ಬರೇ ತಪ್ಪು ಮಾಡುವವರು ಅನ್ನಿಸಿಬಿಡುತ್ತದೆ.

ಇನ್ನೊಂದು ಗೊಂದಲವೂ ಇತ್ತು. ಒಂದು ಪಾಠದಲ್ಲಿ ಪುಟದ ಕಾಲಂಗಳನ್ನು ಫ್ಲೋಟ್ ಅನ್ನುವ ಹಳೆಯ ವಿಧಾನ ಬಳಸಿ ಮಾಡಿದ್ದರು, ಮತ್ತೊಂದರಲ್ಲಿ ಗ್ರಿಡ್ ಅನ್ನುವ ಹೊಸ ವಿಧಾನ ಬಳಸಿ. ಯಾವುದು ಸರಿ ಅಂತ ತಿಳಿಯದೆ ಕಿರಣ್ ಎರಡನ್ನೂ ಬೆರೆಸಿದ್ದರು. ಎರಡೂ ತಪ್ಪಲ್ಲ, ಕಾಲ ಬೇರೆ ಅಷ್ಟೆ. ಸಿಎಸ್‌ಎಸ್ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಿಗೆ ಬಂದಿದ್ದೇ 2017ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲಿನ ಪಾಠಗಳು ಫ್ಲೋಟ್ ಹಿಡಿದು ಒದ್ದಾಡಿದ್ದು ಸಹಜ. ಯಾವ ಪಾಠಕ್ಕಾದರೂ ಕೂರುವ ಮೊದಲು ಅದರ ತಾರೀಖು ನೋಡಿ ಎಂದೆ. ಈ ಒಂದು ಮಾತಿಗೇ ಅವರ ಮುಖ ಅರ್ಧ ಹಗುರಾಯಿತು. ತನಗೆ ಬುದ್ಧಿ ಕಮ್ಮಿ ಎಂದುಕೊಂಡಿದ್ದರು ಪಾಪ.

ನನ್ನ ಲೆಕ್ಕದಲ್ಲಿ ಅವರಿಗಿದ್ದ ತೊಂದರೆ ಇದು: ನೋಡುತ್ತಿದ್ದಾಗ ಕಲಿತ ಹಾಗೆ ಅನ್ನಿಸುತ್ತದೆ, ಖಾಲಿ ಫೈಲ್ ಮುಂದೆ ಕೂತರೆ ಭಯವಾಗುತ್ತದೆ. ಭಯವಾದಾಗಲೆಲ್ಲ ಹೊಸ ಪಾಠ ಹುಡುಕುತ್ತಾರೆ. ಹುಡುಕಾಟವೇ ಅಭ್ಯಾಸವಾಗಿತ್ತು. ಇದಕ್ಕೆ ಇನ್ನಷ್ಟು ಕೊಂಡಿ ಕೊಡುವುದು ಮದ್ದಲ್ಲ.

ಬುಕ್‌ಮಾರ್ಕ್ ಅಳಿಸಿ ಎಂದು ಹೇಳಲಿಲ್ಲ. ಅಳಿಸಿದರೆ ಇಂಥವರಿಗೆ ಆತಂಕ ಜಾಸ್ತಿಯಾಗುತ್ತದೆ. ಎಲ್ಲವನ್ನೂ 'ಆಮೇಲೆ' ಅನ್ನುವ ಒಂದು ಫೋಲ್ಡರ್‌ಗೆ ಹಾಕಿಸಿದೆ. ಕಲಿಯುವ ದಾರಿಗೆ ಒಂದು, ಅನುಮಾನ ಬಂದಾಗ ನೋಡಲು ಒಂದು, ಎರಡೇ ಹೊರಗೆ ಉಳಿಯಬೇಕು.

ದಾರಿಗೆ ಎರಡು ಉಚಿತ ಆಯ್ಕೆ ಮುಂದಿಟ್ಟೆ. ಓಡಿನ್ ಪ್ರಾಜೆಕ್ಟ್ ಹೆಚ್ಚು ಓದಿಸುತ್ತದೆ. ಮೊದಲಿನಿಂದಲೂ ನಮ್ಮ ಕಂಪ್ಯೂಟರಲ್ಲೇ ಎಲ್ಲ ಸಜ್ಜು ಮಾಡಿಕೊಳ್ಳಬೇಕು. ಗಟ್ಟಿಯಾಗಿ ಕಲಿಯುವವರಿಗೆ ನಾನು ಅದನ್ನೇ ಹೇಳುವುದು. ಆದರೆ ಕಿರಣ್ ಲ್ಯಾಪ್‌ಟಾಪ್ ಹಳೆಯದು, ರಾತ್ರಿ ಸಿಗುವ ಹೊತ್ತೂ ಕಡಿಮೆ. 2014ರಿಂದ ನಡೆಯುತ್ತಿರುವ ಫ್ರೀಕೋಡ್‌ಕ್ಯಾಂಪ್‌ನಲ್ಲಿ ಬ್ರೌಸರ್ ಒಳಗೇ ಕೋಡ್ ಬರೆಯಬಹುದು. ಅದನ್ನೇ ಆರಿಸಿಕೊಂಡರು. ಅದರಲ್ಲಿ ಒಂದು ಅಪಾಯ ಇದೆ. ಸಣ್ಣ ಸಣ್ಣ ಹೆಜ್ಜೆ, ಪ್ರತಿ ಹೆಜ್ಜೆಗೂ 'ಪಾಸ್'. ಕೈ ಹಿಡಿದು ನಡೆಸುವಾಗ ಎಲ್ಲ ಗೊತ್ತಾದ ಹಾಗೆ ಅನ್ನಿಸುತ್ತದೆ. ಅದಕ್ಕೇ ಒಂದು ಷರತ್ತು ಹಾಕಿದೆ: ಒಂದು ಭಾಗ ಮುಗಿದ ಮರುದಿನ, ಆ ಪುಟ ನೋಡದೆ, ನಿಮ್ಮದೇ ಫೈಲಿನಲ್ಲಿ ಅದನ್ನೇ ಕಟ್ಟಬೇಕು. ಸಿಕ್ಕಿಹಾಕಿಕೊಂಡರೆ ಮೊದಲು ಇನ್‌ಸ್ಪೆಕ್ಟ್. ಆಮೇಲೆ ಅನುಮಾನಕ್ಕೆಂದು ಇಟ್ಟುಕೊಂಡ ಎಂಡಿಎನ್, ಅಂದರೆ ವೆಬ್ ಕೋಡಿನ ಆಕರ ತಾಣ.

ಎಂಡಿಎನ್ ಎಂದರೆ ಅವರು ಹೆದರುತ್ತಿದ್ದರು. "ಅದು ದೊಡ್ಡವರಿಗೆ ಮೇಡಂ" ಎಂದರು. ಮೇಲಿನಿಂದ ಕೆಳಗೆ ಓದಲು ಹೋದರೆ ಯಾರಿಗಾದರೂ ಸುಸ್ತಾಗುತ್ತದೆ. ಮೊದಲು ಉದಾಹರಣೆ ನೋಡಿ, ಅದರ ಅಂಕಿ ಬದಲಿಸಿ ಏನಾಗುತ್ತದೆ ನೋಡಿ. ಬೇಕಾದರೆ, ಯಾವ ಬ್ರೌಸರಲ್ಲಿ ಅದು ಕೆಲಸ ಮಾಡುತ್ತದೆ ಎಂದು ಕೊನೆಯಲ್ಲಿರುವ ಪಟ್ಟಿ ನೋಡಿ. ಉಳಿದದ್ದು ಬಿಡಿ.

ದಣಿದ ರಾತ್ರಿಗಳಿಗೆ ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಆಟ. 24 ಹಂತ, ಕಪ್ಪೆಗಳನ್ನು ಸಿಎಸ್‌ಎಸ್ ಬರೆದು ಎಲೆ ಮೇಲೆ ಕೂರಿಸಬೇಕು. ಅದನ್ನು ಮಾಡಿದರೂ ಆ ದಿನ ಕಲಿತ ಹಾಗೇ ಲೆಕ್ಕ.

"ನನಗೆ ಕಲೆ ಬರಲ್ಲ, ಡಿಸೈನ್ ಹೇಗೆ?" ಅನ್ನುವುದು ಮುಂದಿನ ಚಿಂತೆ. 2003ರಲ್ಲಿ ಶುರುವಾದ ಸಿಎಸ್‌ಎಸ್ ಝೆನ್ ಗಾರ್ಡನ್ ತಾಣ ತೋರಿಸಿದೆ. ಪುಟದ ವಿಷಯ ಬರೆಯುವ ಎಚ್‌ಟಿಎಂಎಲ್ ಒಂದೇ, ಸಿಎಸ್‌ಎಸ್ ಬದಲಾದರೆ ಇಡೀ ಪುಟದ ರೂಪವೇ ಬೇರೆ. ಡಿಸೈನ್‌ನಲ್ಲಿ ಅಳತೆಗೆ ಸಿಗುವ ಭಾಗವೂ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸ ಕನಿಷ್ಠ 4.5:1 ಇರಬೇಕು ಅನ್ನುತ್ತದೆ, ಅಂಗವೈಕಲ್ಯ ಇರುವವರಿಗೂ ಪುಟ ಬಳಸಲು ಬರಲಿ ಎಂದು ಮಾಡಿದ ಡಬ್ಲ್ಯೂಸಿಎಜಿ ನಿಯಮ. ವೆಬ್‌ಏಮ್‌ನವರ ಉಚಿತ ಸಾಧನದಲ್ಲಿ ಎರಡು ಬಣ್ಣ ಹಾಕಿದರೆ ಆ ಅನುಪಾತ ಬರುತ್ತದೆ. ಅಂಕಿ ಕಂಡ ಕೂಡಲೇ ಕಿರಣ್ ಚುರುಕಾದರು. ತಮ್ಮ ತಿಳಿ ಬೂದು ಅಕ್ಷರಗಳನ್ನು ಅಲ್ಲೇ ಕಪ್ಪಾಗಿಸಿದರು.

ಎಐ ಬಳಸಬಹುದಾ ಎಂದೂ ಕೇಳಿದರು. ಬಳಸಿ, ಆದರೆ ಸದ್ಯಕ್ಕೆ ಪೂರ್ತಿ ಕೋಡ್ ಬರೆಸಬೇಡಿ. ನೀವು ಬರೆದ ಸಾಲು ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಮಾತ್ರ ಕೇಳಿ. ಅದು ಬರೆದುಕೊಟ್ಟ ಕೋಡ್ ನೋಡುವುದಕ್ಕೂ ವಿಡಿಯೊ ನೋಡುವುದಕ್ಕೂ ವ್ಯತ್ಯಾಸ ಕಡಿಮೆ.

ಸಾಲದ ವಿಷಯಕ್ಕೆ ಬೇಡ ಅನ್ನಲಿಲ್ಲ. ಕೆಲವರಿಗೆ ಮೇಷ್ಟ್ರು, ಜೊತೆಗಾರರು, ಗಡುವು ಬೇಕೇ ಬೇಕು. ಆದರೆ ಭಯದಲ್ಲಿ ದುಡ್ಡಿನ ತೀರ್ಮಾನ ಮಾಡುವುದು ಬೇಡ ಎಂದೆ. ಮೊದಲು ಒಂದು ಪುಟ ಕಟ್ಟಿ, ಗಿಟ್‌ಹಬ್ ಪೇಜಸ್ ಮೂಲಕ ಇಂಟರ್ನೆಟ್‌ಗೆ ಹಾಕಿ, ಆಮೇಲೆ ಮಾತಾಡೋಣ. ಖರ್ಚಿಲ್ಲ, ನಾಲ್ಕು ಜನಕ್ಕೆ ಕೊಂಡಿ ಕಳಿಸಬಹುದು.

ಪುಟ ಬಂತು. ಸಂಬಳ, ಖರ್ಚು ಹಾಕಿದರೆ ತಿಂಗಳ ಉಳಿತಾಯ ತೋರಿಸುವ ಪುಟ ಆಗಬೇಕು ಎಂದು ಶುರು ಮಾಡಿದ್ದರು. ಸದ್ಯಕ್ಕೆ ಬರೀ ರೂಪ ಇದೆ, ಲೆಕ್ಕ ಮಾಡುವುದಿಲ್ಲ. ಅದನ್ನು ಮುಗಿಸುವ ಹಟದಿಂದಲೇ, ಪುಟಕ್ಕೆ ಲೆಕ್ಕದಂಥ ಕೆಲಸ ಮಾಡಿಸುವ ಭಾಷೆ ಜಾವಾಸ್ಕ್ರಿಪ್ಟ್‌ಗೆ ಕೈ ಹಾಕಿದ್ದಾರೆ. ಫಂಕ್ಷನ್ (ಮತ್ತೆ ಮತ್ತೆ ಬಳಸುವ ಕೋಡಿನ ತುಂಡು) ಅನ್ನುವ ಪಾಠದ ಹತ್ತಿರ ನಿಂತಿದ್ದಾರೆ. ಫ್ರೀಕೋಡ್‌ಕ್ಯಾಂಪ್ ವಿವರಣೆ ಸಾಲದಾಗ ಜಾವಾಸ್ಕ್ರಿಪ್ಟ್ ಡಾಟ್ ಇನ್ಫೋ ತಾಣದ ಆ ಒಂದು ಅಧ್ಯಾಯ ಮಾತ್ರ ಓದಲು ಹೇಳಿದ್ದೇನೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಗೆಳೆಯನ ಮಾತು ಬಂದರೆ ಈಗಲೂ ಸುಮ್ಮನಾಗುತ್ತಾರೆ, ಅದರ ಬಗ್ಗೆ ಬೇರೆಯಾಗಿ ಮಾತಾಡುತ್ತಿದ್ದೇವೆ.

ಕೋರ್ಸಿನವರಿಗೆ ಕೇಳಲು ಮೂರು ಪ್ರಶ್ನೆ ಬರೆದುಕೊಟ್ಟಿದ್ದೆ. ಹಿಂದಿನ ವಿದ್ಯಾರ್ಥಿಗಳು ಕಟ್ಟಿದ ಪುಟ ತೋರಿಸುತ್ತೀರಾ? ನಮ್ಮ ಕೋಡ್ ಯಾರು ಓದಿ ತಿದ್ದುತ್ತಾರೆ? ಮಧ್ಯೆ ಬಿಟ್ಟರೆ ದುಡ್ಡು ಎಷ್ಟು ವಾಪಸ್? ಮೊದಲನೆಯದಕ್ಕೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಕಿರಣ್ ಕೂಡ ಸಾಲದ ಅರ್ಜಿ ತುಂಬಿಲ್ಲ.