ಕಾರ್ಬನ್ ಟೆಟ್ರಾಕ್ಲೋರೈಡ್ ಈಗ ಯಾಕೆ ಸಿಗುವುದಿಲ್ಲ?

ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನೋ ಈ ದ್ರವ ಒಂದು ಕಾಲದಲ್ಲಿ ಎಲ್ಲೆಲ್ಲೂ ಇತ್ತು. ಜಿಡ್ಡು ಚೆನ್ನಾಗಿ ಕರಗಿಸುತ್ತದೆ, ಬೆಂಕಿ ಹತ್ತಿಕೊಳ್ಳುವುದಿಲ್ಲ, ಇನ್ನೇನು ಬೇಕು ಅಲ್ವಾ? ಡ್ರೈ ಕ್ಲೀನಿಂಗ್‌ನವರು, ಯಂತ್ರದ ಗ್ರೀಸ್ ತೊಳೆಯುವವರು ಧಾರಾಳವಾಗಿ ಬಳಸುತ್ತಿದ್ದರು, ಬೆಂಕಿ ಆರಿಸುವ ಸಾಧನಗಳಲ್ಲೂ ತುಂಬುತ್ತಿದ್ದರು. ತಮಾಷೆ ಏನೆಂದರೆ, ಅದೇ ದ್ರವ ಜೋರು ಬೆಂಕಿಗೆ ಬಿದ್ದರೆ ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲಗಳಲ್ಲಿ ಅದೂ ಒಂದು!

ನಿಜವಾದ ಪೆಟ್ಟು ಲಿವರ್‌ಗೆ. ಆವಿ ಉಸಿರಿನಲ್ಲಿ ಒಳಗೆ ಹೋದರೂ ಸಾಕು, ಲಿವರ್ ಇದನ್ನು ಒಡೆಯಲು ಹೋಗಿ ಇನ್ನೂ ಅಪಾಯದ ತುಣುಕು ಮಾಡಿಕೊಳ್ಳುತ್ತದೆ, ಅದು ಜೀವಕೋಶದ ಪೊರೆಯನ್ನೇ ಹಾಳು ಮಾಡುತ್ತದೆ. ಮದ್ಯ ಕುಡಿಯುವವರಿಗೆ ಅಪಾಯ ಇನ್ನೂ ಜಾಸ್ತಿ. ಅಮೆರಿಕ 1970ರಲ್ಲೇ ಇದನ್ನು ಮನೆಬಳಕೆಯ ವಸ್ತುಗಳಿಂದ ನಿಷೇಧಿಸಿತು.

ಆದರೆ ಪೂರ್ತಿ ಬಾಗಿಲು ಹಾಕಿಸಿದ್ದು ಓಜೋನ್ ಚಿಂತೆ: ಸೂರ್ಯನ ಅಪಾಯದ ಕಿರಣ ತಡೆಯುವ ಓಜೋನ್ ಪದರವನ್ನು ಇದು ಹಾಳು ಮಾಡುತ್ತದೆ. ಆ ಪದರ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳು 1996ಕ್ಕೆ, ಭಾರತದಂಥ ದೇಶಗಳು 2010ಕ್ಕೆ ಇದರ ಬಳಕೆ ನಿಲ್ಲಿಸಬೇಕಾಯಿತು. ಬೇರೆ ರಾಸಾಯನಿಕ ತಯಾರಿಸಲು ಕಚ್ಚಾವಸ್ತುವಾಗಿ ಮಾತ್ರ ಕಾರ್ಖಾನೆಗಳಲ್ಲಿ ಇನ್ನೂ ಇದೆ. ಪಿಯುಸಿ ಲ್ಯಾಬಿನಲ್ಲಿ ಅಯೋಡಿನ್ ಪತ್ತೆಗೆ ಇದನ್ನು ಹಾಕಿದರೆ ನೇರಳೆ ಪದರ ಬರುತ್ತಿತ್ತಲ್ಲ, ಆ ಬಾಟಲಿ ಹಳೇ ಬೀರುವಿನಲ್ಲಿ ಎಲ್ಲಾದರೂ ಉಳಿದಿದ್ದರೆ ಸುಮ್ನೆ ಮೂಸಿ ನೋಡಬೇಡಿ, ಸಿಂಕಿಗೂ ಸುರಿಯಬೇಡಿ.