ಇಂಪ್ರೆಷನಿಸ್ಟ್ ಚಿತ್ರಗಳ ಬಗ್ಗೆ ಮಾತಾಡುತ್ತ ಫ್ರೆಂಚ್ ಕಲಿಯಬಹುದೇ? ಹೇಗೆ?

ಕಲಿಯಬಹುದು, ಆದರೆ ಮೊದಲ ಪಾಠಗಳು ಮುಗಿದಿರಬೇಕು. ಚಿತ್ರ ಕಣ್ಣೆದುರೇ ಇರುವುದರಿಂದ ಏನು ಹೇಳಲಿ ಎಂದು ತಡಕಾಡಬೇಕಿಲ್ಲ. ಗಮನವೆಲ್ಲ ಹೇಗೆ ಹೇಳಲಿ ಎಂಬುದಕ್ಕೇ ಸಿಗುತ್ತದೆ.

ಫ್ರಾನ್ಸಿನ ಲ ಆವ್ರ್ ಬಂದರಿನ ಸೂರ್ಯೋದಯವನ್ನು ಫ್ರೆಂಚ್ ಚಿತ್ರಕಾರ ಮೋನೆ ಬರೆದ 1872ರ ಚಿತ್ರ 'ಇಂಪ್ರೆಷನ್, ಸೂರ್ಯೋದಯ'ದಿಂದ ಶುರುಮಾಡಿ. (1874ರ ಪ್ಯಾರಿಸ್ ಪ್ರದರ್ಶನದಲ್ಲಿ ವಿಮರ್ಶಕನೊಬ್ಬ ಇದರ ಶೀರ್ಷಿಕೆಯನ್ನು ಗೇಲಿ ಮಾಡಿದ್ದರಿಂದಲೇ ಈ ಚಿತ್ರಕಲಾ ಪಂಥಕ್ಕೆ ಇಂಪ್ರೆಷನಿಸ್ಟ್ ಎಂಬ ಹೆಸರು ಅಂಟಿತು.) ಹತ್ತು ನಿಮಿಷ 'ಇಲ್ ಯಾ', ಅಂದರೆ 'ಇದೆ', ಎಂಬ ಒಂದೇ ಬಗೆಯ ವಾಕ್ಯದಲ್ಲಿ ಕಂಡದ್ದನ್ನೆಲ್ಲ ಹೇಳಿ: ದೋಣಿ, ನೀರು, ಮಂಜು. ಆಮೇಲೆ ಜಾಗ ಸೇರಿಸಿ: ಮುಂಭಾಗದಲ್ಲಿ 'ಓ ಪ್ರಮಿಯೇ ಪ್ಲಾಂ', ಹಿನ್ನೆಲೆಯಲ್ಲಿ 'ಆ ಲಾರಿಯೇರ್ ಪ್ಲಾಂ'.

ಕನ್ನಡಿಗರು ಎಡವುವುದು ಬಣ್ಣದಲ್ಲಿ. ನಮಗೆ ಸೀರೆಯೂ ಕೆಂಪು, ಅಂಗಿಯೂ ಕೆಂಪು. ಫ್ರೆಂಚಿನಲ್ಲಿ ಆಕಾಶ ಪುಲ್ಲಿಂಗ, ಹಾಗಾಗಿ ಬೂದು ಬಣ್ಣ 'ಗ್ರಿ'. ಸಮುದ್ರ ಸ್ತ್ರೀಲಿಂಗ, ಅದು 'ಗ್ರೀಜ್'. ಕಿತ್ತಳೆ ಸೂರ್ಯನಿಗೆ ಮಾತ್ರ ಈ ತಲೆನೋವಿಲ್ಲ: 'ಒರಾಂಜ್' ಹಣ್ಣಿನ ಹೆಸರಿನಿಂದ ಬಂದ ಪದ, ಯಾವ ಲಿಂಗಕ್ಕೂ ಬದಲಾಗದು. ಉಳಿದ ಬಣ್ಣಗಳಿಗೆ ಲಿಂಗ ಗೊತ್ತಿರಬೇಕಾದ್ದರಿಂದ ನಾಮಪದವನ್ನು ಒಂಟಿಯಾಗಿ ಉರು ಹೊಡೆಯಬೇಡಿ; ಪುಲ್ಲಿಂಗಕ್ಕೆ 'ಲ', ಸ್ತ್ರೀಲಿಂಗಕ್ಕೆ 'ಲಾ' ಸೇರಿಸಿ 'ಲ ಸ್ಯೆಲ್' (ಆಕಾಶ), 'ಲಾ ಮೇರ್' (ಸಮುದ್ರ) ಎಂದು ಜೋಡಿಯಾಗಿಯೇ ಕಲಿಯಿರಿ.

ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳುವಾಗ ಬಣ್ಣದ ತಪ್ಪುಗಳನ್ನಷ್ಟೇ ತಿದ್ದಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಬಾಯಿ ಕಟ್ಟುತ್ತದೆ. 'ಜ ಟ್ರೂವ್ ಕ', ಅಂದರೆ 'ನನಗನಿಸುವುದೇನೆಂದರೆ', ಎಂದು ಅಭಿಪ್ರಾಯ ಹೇಳುವುದು ಎರಡನೇ ವಾರಕ್ಕಿರಲಿ.